ಕಟ್ಟೆಯ ಮುಂದಿನ ಬೋರಿಂಗ್

ನಾನು ಮಾಡಿದ ಕೆಲಸಕ್ಕೆ ಊರುಗಳಲ್ಲಿ ಹೆಸರೇ ಇರಲಿಲ್ಲ. ಮಾಸ್ತರರು ಬಂದರೆ ಗೊತ್ತು, ತಲಾಟಿ ಬಂದರೆ ಗೊತ್ತು. ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ ಹಿಡಿದು ಬಸ್ಸಿನಿಂದ ಇಳಿಯುವ ಈ ಹೆಂಗಸು ಯಾರು? ಎಪ್ಪತ್ತರ ದಶಕದ ಕೊನೆಗೆ ನಾನು ಕೆಲಸಕ್ಕೆ ಸೇರಿದಾಗ ನನ್ನನ್ನು ಕಂಡ ಗಂಡಸರು ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತಿದ್ದರು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಬಂದವಳೆಂದು ಅವರ ಅಂಜಿಕೆ. "ಆಪರೇಷನ್ ಅಲ್ರಿ, ಬರೇ ಕೇಳಾಕ ಬಂದೀನಿ" ಎಂದರೆ ಸಂಶಯ ಇನ್ನೂ ಹೆಚ್ಚುತ್ತಿತ್ತು. ಕೇಳಿ ಏನು ಮಾಡುತ್ತೀರಿ ಎಂದರೆ, ಬರೆದು ಸರ್ಕಾರಕ್ಕೆ ಕೊಡುತ್ತೇವೆ ಎನ್ನುತ್ತಿದ್ದೆ. ನರೋಣಾದ ಒಬ್ಬ ಮುದುಕಿ, "ಕೊಡ್ತೀರಿ ಖರೇ, ಅವ್ರು ಓದ್ತಾರೇನು?" ಎಂದು ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ನೌಕರಿ ಮುಗಿಯಿತು.

ಗುಲ್ಬರ್ಗಾದಲ್ಲಿದ್ದ ನಮ್ಮ ಸೇವಾ ಸಂಸ್ಥೆ ಬಾಲವಾಡಿ ನಡೆಸುತ್ತಿತ್ತು, ಹೊಲಿಗೆ ಕಲಿಸುತ್ತಿತ್ತು, ವಾರಕ್ಕೊಮ್ಮೆ ಪುಕ್ಕಟೆ ದವಾಖಾನೆ ಇಡುತ್ತಿತ್ತು. ಇವೆಲ್ಲದರ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಅದೇ ಅಧ್ಯಯನ ವಿಭಾಗ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಸರ್ಕಾರದ ಯೋಜನೆ ಯಾರಿಗೆ ಮುಟ್ಟಿದೆ, ಯಾರಿಗೆ ಮುಟ್ಟಿಲ್ಲ, ಮುಟ್ಟದಿದ್ದರೆ ಯಾಕೆ ಎಂದು ತಿಳಿದು ಬರೆಯುವುದು, ಆಮೇಲೆ ಅದು ಸರಿಯಾಗುವವರೆಗೆ ಕಚೇರಿಗಳ ಬೆನ್ನು ಬಿಡದಿರುವುದು ನಮ್ಮ ಕೆಲಸ. ಬರೆಯುವುದು ಸುಲಭ. ಬೆನ್ನು ಬಿಡದಿರುವುದಕ್ಕೇ ಸಂಬಳ.

ವಿಭಾಗದ ಮುಖ್ಯಸ್ಥರು ಕುಲಕರ್ಣಿ ಸರ್, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಕೋಷ್ಟಕದ ಮೊತ್ತ ಕೂಡಿಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನನ್ನ ಜೋಡಿ ಅಫಜಲಪುರದ ಖಾಜಾಬೀ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಆಳಂದದ ಶರಣಮ್ಮ. ಸಿಟ್ಟಿಗೆ ನನಗೆ ಒಂದೇ ಭಾಷೆ ಸಾಕಾಗುತ್ತಿತ್ತು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಒಂದು ಊರಿನ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಜೇವರ್ಗಿಯಿಂದ ಯಡ್ರಾಮಿ ಕಡೆ ಹೋಗುವ ಬಸ್ಸಿನಲ್ಲಿ ಇಳಿಯಬೇಕಾದ ಊರು, ಅಷ್ಟು ಸಾಕು.

ಎಂಬತ್ತರ ದಶಕದ ಮಧ್ಯದಲ್ಲಿ ಸರ್ಕಾರ ಊರೂರಿಗೆ ಬೋರಿಂಗ್ ಹಾಕಿಸುತ್ತಿತ್ತು. ಕೈಪಂಪಿಗೆ ನಮ್ಮ ಕಡೆ ಬೋರಿಂಗ್ ಅನ್ನುತ್ತಾರೆ. ಅವಸರಕ್ಕೆ ಕಾರಣ ನಾರು ಹುಣ್ಣು. ಈಗಿನವರು ಅದನ್ನು ನೋಡಿಲ್ಲ, ನೋಡದಿರುವುದೇ ಪುಣ್ಯ. ಮೆಟ್ಟಿಲು ಬಾವಿಯ ನೀರು ಕುಡಿದವರ ಮೈಯಲ್ಲಿ ಒಂದು ಹುಳ ಬೆಳೆಯುತ್ತದೆ. ಸುಮಾರು ಒಂದು ವರ್ಷ ಅದು ಒಳಗೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಲ್ಲಿ ಗುಳ್ಳೆ ಎದ್ದು, ಒಡೆದು, ಬಿಳಿ ದಾರದಂತೆ ಹೊರಗೆ ಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಹರಿದರೆ ಕಾಲು ಬಾತು ಮನುಷ್ಯ ಮಲಗಿಬಿಡುತ್ತಾನೆ. ಉರಿ ತಡೆಯಲಾರದೆ ಆ ಕಾಲನ್ನು ಬಾವಿಯ ನೀರಿಗೆ ಇಳಿಸಿದರೆ ಹುಳದ ಮರಿಗಳು ನೀರಿಗೆ ಸೇರಿ, ಮುಂದಿನ ವರ್ಷಕ್ಕೆ ಊರಿಗೆಲ್ಲ ಹಂಚಿದ ಹಾಗೆ.

ಬೋರಿಂಗ್ ಹಾಕಿ ಎರಡು ವರ್ಷ ದಾಟಿದ ಊರುಗಳಲ್ಲಿ ಜನ ಅದರ ನೀರು ಕುಡಿಯುತ್ತಾರೋ ಇಲ್ಲವೋ ನೋಡುವುದು ನಮ್ಮ ಅಧ್ಯಯನ. ನಾನು, ಖಾಜಾಬೀ ಮನೆಮನೆಗೆ ಹೋದೆವು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಹೊಸ್ತಿಲು ದಾಟಿದೊಡನೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೈಗೆ ಬರುತ್ತದೆ. ಕುಡಿದು ನೋಡಿದರೆ ಬೋರಿಂಗ್ ನೀರೇ. ಬಾವಿ ನೀರು ಸಿಹಿ, ಬೋರಿಂಗ್ ನೀರು ಸವಳು, ನಾಲಿಗೆಗೇ ತಿಳಿಯುತ್ತಿತ್ತು. "ಬೋರಿಂಗ್ ನೀರು ಕುಡೀತೀರೇನ್ರಿ?" ಎಂದರೆ "ಹೌದ್ರಿ." ಕೇಳಿದ್ದಕ್ಕೂ ಕುಡಿದದ್ದಕ್ಕೂ ತಾಳೆಯಾಯಿತು. ಕುಲಕರ್ಣಿ ಸರ್ ಅವರ ಕೋಷ್ಟಕ ಅಂದವಾಗಿ ಕೂತಿತು. ವರದಿ ಸ್ಟೆನ್ಸಿಲ್ ಕತ್ತರಿಸಿ, ಸೈಕ್ಲೋಸ್ಟೈಲ್ ಮಾಡಿ, ಕೈಗೆಲ್ಲ ಶಾಯಿ ಮೆತ್ತಿಕೊಂಡು ಕಚೇರಿಗಳಿಗೆ ಹಂಚಿಯೂ ಆಯಿತು.

ಅದೇ ವರ್ಷ ಮುಂಗಾರು ಹಿಡಿದಾಗ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಕಾಲು ಚಾಚಿ ಕೂತಿದ್ದಳು. ಪಾದದ ಮೇಲೆ ಕಡ್ಡಿ, ಕಡ್ಡಿಗೆ ಸುತ್ತಿದ ನಾರು. ಮುಖ ನೋಡಿದರೆ ಗುರುತಿನವಳು, ಆ ಊರಿನ ಮಲ್ಲವ್ವ. ಆಗಿನ್ನೂ ಇಪ್ಪತ್ತು ದಾಟಿರಲಿಕ್ಕಿಲ್ಲ. ಪಕ್ಕದಲ್ಲಿ ಅವಳ ಅತ್ತೆ ಈರವ್ವ.

"ನಿಮ್ಮೂರಾಗ ಬೋರಿಂಗ್ ಅದಲ್ಲ?" ಎಂದೆ.

"ಅದರಿ" ಎಂದಳು ಮಲ್ಲವ್ವ, ಅತ್ತೆಯ ಮುಖ ನೋಡುತ್ತ.

ಈರವ್ವನೇ ಮುಂದುವರಿಸಿದಳು. "ಹೋದ ವರ್ಷನೂ ಹಿಂಗ, ಈ ವರ್ಷನೂ ಹಿಂಗ. ಬಿತ್ತಿಗಿ ಹೊತ್ತಿಗೆ ಸರಿಯಾಗಿ ಕಾಲು ಚಾಚ್ತಾಳ. ದುಡಿಯಾಕ ಬಾರದ ಸೊಸೀನ ಕಟ್ಟಿಕೊಂಡು ಏನ್ ಮಾಡೂದ್ರಿ? ತವರಿಗೆ ಬಿಟ್ಟು ಬರಾಕ ಹೊಂಟೀನಿ. ಮಗಗ ಇನ್ನೊಂದು ಹೆಣ್ಣು ನೋಡಾಕತ್ತೀವಿ."

ಮಲ್ಲವ್ವ ತಲೆ ಎತ್ತಲಿಲ್ಲ. ಬೋರಿಂಗ್ ನೀರು ಕುಡಿಯುತ್ತಾಳೆಂದು ನಾವು ಬರೆದವಳ ಕಾಲಲ್ಲಿ ನಾರು, ಅವಳ ಸಂಸಾರ ಬಸ್‌ಸ್ಟ್ಯಾಂಡಿಗೆ ಬಂದು ಕೂತಿದೆ. ತವರಿಗೆ ಹೋಗುವ ಬಸ್ಸು ಅಂದು ಕೆಟ್ಟು ನಿಂತಿತ್ತು. ನಾನು ಈರವ್ವನ ಕೈ ಹಿಡಿದು, "ಈರಕ್ಕ, ಕಾಲು ಮಾಯೂ ತನಕರ ತಡೀರಿ. ನಾನೇ ನಿಮ್ಮೂರಿಗೆ ಬರ್ತೇನಿ" ಎಂದು ಕಾಡಿ ಬೇಡಿ ಇಬ್ಬರನ್ನೂ ಊರಿಗೆ ಹಿಂದಿರುಗಿಸಿದೆ.

ಮೂರನೆಯ ದಿನ ಖಾಜಾಬೀಯನ್ನು ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಎಂದಿನಂತೆ ನೀರು ಬೆಲ್ಲ ಬಂತು. ಖಾಜಾಬೀ ಒಂದು ಕಡೆ ಕೂರುವ ಪೈಕಿ ಅಲ್ಲ. ಹಿತ್ತಲಿಗೆ ಹೋಗಿ ಮಲ್ಲವ್ವನ ಹತ್ತಿರ ಕೂತಳು. ಮಾತಾಡುತ್ತ ಬಾಯಿ ಒಣಗಿ, ಅಲ್ಲೇ ಇದ್ದ ಕೊಡಕ್ಕೆ ತಂಬಿಗೆ ಅದ್ದಿ ಬಾಯಿಗೆ ಹಚ್ಚಬೇಕು ಎನ್ನುವಷ್ಟರಲ್ಲಿ ಮಲ್ಲವ್ವ ಕುಂಟುತ್ತ ಎದ್ದು ತಂಬಿಗೆ ಕಸಿದುಕೊಂಡಳಂತೆ.

"ಅದು ಬ್ಯಾಡ್ರಿ. ಅದು ನಮ್ಮ ನೀರು."

"ನಿಮ್ಮ ನೀರು ಅಂದ್ರ?"

ಆಗ ತಿಳಿಯಿತು. ಮನೆಯಲ್ಲಿ ಎರಡು ಕೊಡ. ಮುಂದಿನದು ಬೋರಿಂಗ್ ನೀರು: ಹಿರಿಯರಿಗೆ, ಗಂಡಸರಿಗೆ, ಬಂದವರಿಗೆ. ಹಿಂದಿನದು ಬಾವಿ ನೀರು: ಸೊಸೆಗೆ. ಮುಂದಿನ ಕೊಡವನ್ನು ಈರವ್ವ ತರುತ್ತಿದ್ದಳು, ಮುದುಕಿ, ದಿನಕ್ಕೆ ಒಂದೇ ಹೊರುವ ಶಕ್ತಿ. ಮಲ್ಲವ್ವನೇ ಯಾಕೆ ತರಬಾರದು? ಬೋರಿಂಗ್ ಇದ್ದದ್ದು ಹಣಮಪ್ಪನ ಗುಡಿಯ ಕಟ್ಟೆಯ ಮುಂದೆ. ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಊರ ಹಿರಿಯರು. ಊರಿನ ಸೊಸೆ ಹಿರಿಯರ ಮುಂದೆ ಹಾಯುವಂತಿಲ್ಲ, ಅದರಲ್ಲೂ ಬಗ್ಗಿ ಬಗ್ಗಿ ಬೋರಿಂಗ್ ಹೊಡೆಯುವುದೆಂದರೆ ಕೇಳಲೇಬೇಡಿ. ಅವರ ದಾರಿ ಹಿಂದಿನ ಓಣಿ, ಅದು ನೇರ ಬಾವಿಗೆ ಹೋಗುತ್ತಿತ್ತು. ಕೇರಿಯ ಹೆಣ್ಣುಮಕ್ಕಳಿಗಂತೂ ಕಟ್ಟೆ ಇರಲಿ, ಬೋರಿಂಗ್ ಮುಟ್ಟುವುದಕ್ಕೂ ಅಡ್ಡಿ ಇತ್ತು. ಗಂಡಸರು ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಊರೆಲ್ಲ ನಕ್ಕಿತು.

ನಮಗೆ ಯಾರೂ ಸುಳ್ಳು ಹೇಳಿರಲಿಲ್ಲ. ಬೋರಿಂಗ್ ನೀರು ಕುಡಿಯುತ್ತೀರಾ ಎಂದರೆ ಹೌದು, ಮನೆಯಲ್ಲಿ ಕುಡಿಯುವವರಿದ್ದರು. ನಾವು ಹೋದ ಕಡೆಯೆಲ್ಲ ಬಂದವರ ನೀರು ಕುಡಿದು, ಮನೆಯವರ ನೀರಿನ ಬಗ್ಗೆ ಬರೆದಿದ್ದೆವು.

ಕುಲಕರ್ಣಿ ಸರ್ ಮುಂದೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು. "ಶರಣಮ್ಮ, ಹಂಚಿದ ವರದಿ ವಾಪಸ್ ತಗೋಬೇಕಂದ್ರ ನನ್ನ ಮಾನ ಹೋಗ್ತದ."

"ಆ ಹುಡುಗಿ ಸಂಸಾರ ಹೋಗಾಕತ್ತದರಿ ಸರ್. ಮಾನ ಆಮ್ಯಾಲ ನೋಡಿಕೊಳ್ಳೂಣು."

ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಹಳೆಯ ವರದಿ ತಪ್ಪೆಂದು ಪತ್ರ ಬರೆದು ಸಹಿ ಹಾಕಿ, "ಈಗ ಹೋಗ್ರಿ, ಸರಿಯಾಗಿ ಕೇಳಿಕೊಂಡು ಬರ್ರಿ" ಎಂದರು. ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಬಂದ ಗೌರವ ಇಂದಿಗೂ ಇಳಿದಿಲ್ಲ. ನಮ್ಮ ರೀತಿ ಬದಲಾಯಿತು. ಪಡಸಾಲೆಯಲ್ಲಿ ಕೂತು ಕೇಳುವುದು ಬಿಟ್ಟೆವು. ನಸುಕಿಗೆ ಬಾವಿಯ ಹತ್ತಿರ ಹೋಗಿ, ಕೊಡ ಹೊತ್ತವರ ಜೊತೆ ಮನೆಯವರೆಗೆ ನಡೆದೆವು. ಪ್ರಶ್ನೆಯೂ ಬದಲಾಯಿತು: "ನೀನು ಇವತ್ತು ಯಾವ ನೀರು ಕುಡದಿ?" ಮನೆಗೊಂದು ಉತ್ತರ ಅಲ್ಲ, ಮನುಷ್ಯರಿಗೊಂದು ಉತ್ತರ. ಇದನ್ನು ನೆನಪಿಡಿ, ಈಗಲೂ ನೀವು ಕುಟುಂಬಕ್ಕೊಂದು ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತೀರಿ ಎಂದು ಕೇಳಿದ್ದೇನೆ. ಮೂರು ತಾಲ್ಲೂಕುಗಳಲ್ಲಿ ತಿರುಗಿ ನೋಡಿದರೆ ಕಟ್ಟೆ, ಚಾವಡಿ, ಗೌಡರ ವಾಡೆಯ ಮುಂದೆ ನಿಂತ ಬೋರಿಂಗ್‌ಗಳು ಎಷ್ಟೋ ಇದ್ದವು.

ಇನ್ನು ಕಚೇರಿ. ನೀರಿನ ಕೆಲಸ ನೋಡುತ್ತಿದ್ದ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ಕೆಟ್ಟವರಲ್ಲ, ದಣಿದವರು. "ನೋಡಿ ಮೇಡಂ, ಅದು ಬೋರಿಂಗ್ ಆದ ಊರು. ಆದ ಊರಿಗೆ ಇನ್ನೊಂದು ಕೊಡೋಕೆ ನನಗೆ ಅಧಿಕಾರ ಇಲ್ಲ. ಏನೂ ಆಗದ ಊರುಗಳು ಇನ್ನೂ ಇವೆ" ಎಂದರು. ಮಾತು ಸುಳ್ಳೇನಲ್ಲ. ಆದರೆ ನಾನು ಪ್ರತಿ ಸಂತೆಯ ದಿನ ಅವರ ಕಚೇರಿಯ ಬೆಂಚಿನ ಮೇಲೆ ಕೂತೆ. ಒಂದು ಸಲ ಸಿಪಾಯಿ, "ಅಕ್ಕಾರ, ನಿಮಗ ಇಲ್ಲೇ ನೌಕರಿ ಹಚ್ಚಿಸಿ ಬಿಡೂಣೇನ್ರಿ?" ಎಂದು ನಕ್ಕ. ದೀಪಾವಳಿ ಕಳೆದ ಮೇಲೆ ಸಾಹೇಬರಿಗೇ ಸಾಕಾಯಿತು. "ಒಂದು ಸಲ ಬಂದು ನೋಡ್ತೀನಿ. ಆಮೇಲೆ ನೀವು ಈ ಬೆಂಚಿನ ಮೇಲೆ ಕಾಣಿಸಬಾರದು."

ಜೀಪು ಬಂದ ದಿನ ಗೌಡರು ಕಟ್ಟೆಯಿಂದ ಎದ್ದು ತಾವೇ ಬೋರಿಂಗ್ ಹೊಡೆದು ತೋರಿಸಿದರು. ನೀರು ಧೋ ಎಂದು ಬಿತ್ತು. ಸಾಹೇಬರು ನನ್ನ ಕಡೆ ತಿರುಗಿ, "ಬರ್ತಿದೆಯಲ್ಲ ಮೇಡಂ?" ಎಂದರು. ನಾನು ಅವರನ್ನು ಈರವ್ವನ ಮನೆಗೆ ಕರೆದುಕೊಂಡು ಹೋದೆ. ಗೌಡರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಈರವ್ವ ತಂಬಿಗೆ ತಂದು ಸಾಹೇಬರ ಕೈಗೆ ಕೊಟ್ಟಳು.

"ಈರಕ್ಕ, ಅದು ಬ್ಯಾಡ. ಸಾಹೇಬ್ರಿಗೆ ಹಿಂದಿನ ಕೊಡದ ನೀರು ಕೊಡ್ರಿ" ಎಂದೆ.

ಈರವ್ವನ ಮುಖ ಕೆಂಪೇರಿತು. "ಏನ್ ಮಾತಾಡಾಕತ್ತೀರಿ ಅಕ್ಕಾರ? ಮನಿಗೆ ಬಂದವರಿಗೆ ಆ ನೀರು ಕೊಡಬೇಕಾ? ಅವರಿಗೆ ಏನರ ಆದ್ರ ಹ್ಯಾಂಗ?"

"ಮಲ್ಲವ್ವ ದಿನಾ ಅದನ್ನೇ ಕುಡೀತಾಳಲ್ರಿ."

"ಅಕಿ ಮನಿಯಾಕಿ, ಅಕಿಗೇನು..." ಎಂದವಳು ಅಲ್ಲಿಗೇ ನಿಂತಳು. ಮಲ್ಲವ್ವ ಬಾಗಿಲ ಮರೆಯಲ್ಲಿದ್ದಳು, ಸೆರಗಿನ ಕೆಳಗೆ ಪಾದ ಕಾಣುತ್ತಿತ್ತು, ಪಾದದ ಮೇಲೆ ಎರಡು ವರ್ಷದ ಎರಡು ಕಲೆ. ಈರವ್ವ ಆ ಪಾದವನ್ನು ನೋಡಿದಳು. ಈಗ ನನ್ನ ಮೇಲೆ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ತಿರುಗಿದ್ದು ಗೌಡರ ಕಡೆ.

"ಗೌಡ್ರ, ನನ್ನ ಸೊಸಿ ಎರಡು ವರ್ಷ ಹೊಲದಾಗ ಕಾಲಿಟ್ಟಿಲ್ಲ. ಒಂದೋ ನೀವು ಕಟ್ಟಿ ಬಿಟ್ಟು ಏಳ್ರಿ, ಇಲ್ಲಂದ್ರ ಹಿಂದಿನ ಓಣ್ಯಾಗ ಒಂದು ಬೋರಿಂಗ್ ಕೇಳ್ರಿ."

"ಏ ಈರವ್ವ, ನಮ್ಮಜ್ಜನ ಕಾಲದಿಂದ ನಾವು ಅಲ್ಲೇ ಕೂಡ್ತೀವಿ."

"ಹಂಗಿದ್ರ ಬೋರಿಂಗ್ ಕೇಳ್ರಿ."

ಗೌಡರಿಗೆ ಕಟ್ಟೆ ಬಿಡುವುದಕ್ಕಿಂತ ಬೋರಿಂಗ್ ಕೇಳುವುದು ಸುಲಭವಾಗಿತ್ತು. ತಲೆ ಅಲ್ಲಾಡಿಸಿದರು. ಸಾಹೇಬರು ತಂಬಿಗೆಯನ್ನು ಕುಡಿಯದೆ ಕೆಳಗಿಟ್ಟರು. "ಎರಡನೆಯದಕ್ಕೆ ಬರೀತೀನಿ. ಕಾರಣ ಏನಂತ ಬರೀಲಿ ಮೇಡಂ?"

"ಇದ್ದದ್ದು ಇದ್ದಂಗ ಬರೀರಿ ಸರ್."

ಬರೆದರು. ಬೆಂಚಿನ ಮೇಲೆ ಕಾಣಿಸಬೇಡಿ ಎಂದವರ ಕಡತಕ್ಕಾಗಿ ನಾನು ಇನ್ನೂ ಎರಡು ಕಚೇರಿಗಳ ಬೆಂಚು ಸವೆಸಿದೆ. ಬೇಸಿಗೆ ಏರುವ ಮೊದಲು ಬೋರ್ ಕೊರೆಯುವ ಲಾರಿ ಬಂತು. ಎಲ್ಲಿ ಕೊರೆಯಬೇಕೆಂದು ಹೆಂಗಸರನ್ನೇ ಕೇಳಬೇಕು ಎಂದು ಹಟ ಹಿಡಿದೆವು. ಖಾಜಾಬೀ ಓಣಿಯ ಸೊಸೆಯರನ್ನೂ ಕೇರಿಯ ಹೆಣ್ಣುಮಕ್ಕಳನ್ನೂ ಒಂದೇ ಕಡೆ ನಿಲ್ಲಿಸಿದಳು. ಓಣಿಯವರು ತಮ್ಮ ಬಾಗಿಲಿಗೆ ಎಳೆದರು, ಕೇರಿಯವರು ತಮ್ಮ ಕಡೆ ಎಳೆದರು, ಮುಂಜಾನೆಯೆಲ್ಲ ಬೈದಾಟ. ಕೊನೆಗೆ ಎರಡೂ ಕಡೆಯ ದಾರಿ ಕೂಡುವ ಬೇವಿನ ಮರದ ಹತ್ತಿರ ಕಲ್ಲು ಇಟ್ಟರು. ಅಲ್ಲಿ ನೀರು ಬೀಳದಿದ್ದರೆ ಏನು ಗತಿ ಎಂದು ನಾನು ಲಾರಿಯ ಪಕ್ಕದಿಂದ ಕದಲಲಿಲ್ಲ. ಮಧ್ಯಾಹ್ನದವರೆಗೆ ಬರೀ ಬೂದಿಯಂಥ ಧೂಳು. ಆಮೇಲೆ ಧೂಳು ಹಸಿಯಾಯಿತು.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಯಾರಾದರೂ ನಿಮಗೆ ಕಲಿಸಿದರೆ ನಂಬಬೇಡಿ. ಮಳೆ ಬಿದ್ದಿತು, ತೊಗರಿ ಬಿತ್ತನೆ ಹತ್ತಿರ ಬಂತು, ಮಲ್ಲವ್ವನ ಕಾಲಲ್ಲಿ ಮತ್ತೆ ಗುಳ್ಳೆ ಎದ್ದಿತು.

ಹಿಂದಿನ ಬೇಸಿಗೆಯಲ್ಲಿ ಕುಡಿದ ಬಾವಿ ನೀರಿನ ನಾರು ಅದು. ಹೊಸ ಬೋರಿಂಗ್ ಬರುವ ಮೊದಲೇ ಒಳಗೆ ಸೇರಿತ್ತು. ನಮಗೆ ಗೊತ್ತಿತ್ತು, ಮೊದಲೇ ಹೇಳಿಯೂ ಇದ್ದೆವು. ಆದರೆ ಉರಿಯುವ ಕಾಲಿನ ಮುಂದೆ ಹೋದ ವರ್ಷದ ಲೆಕ್ಕ ಯಾರಿಗೆ ಬೇಕು? ಕಟ್ಟೆಯ ಮೇಲೆ ನಗು ಎದ್ದಿತು. "ಎರಡು ಬೋರಿಂಗ್ ಆದ್ರೂ ನಾರು ಬಂತಲ್ಲೇ" ಎಂದು ಗೌಡರು ನನಗೆ ಕೇಳುವಂತೆಯೇ ಅಂದರು. ಸವಳು ನೀರು ಕುಡಿದು ಸಾಯುವ ಬದಲು ಸಿಹಿ ನೀರೇ ಲೇಸು ಎಂದು ಕೆಲವರು ಬಾವಿಗೆ ತಿರುಗಿದರು. ಈರವ್ವ ನನಗೆ ಅಂದು ನೀರನ್ನೇ ಕೊಡಲಿಲ್ಲ.

"ನಿಮ್ಮ ಮಾತು ಕೇಳಿ ಊರ ಗೌಡಗ ಎದುರಾದೆ. ಏನ್ ಆತ್ರಿ? ನನ್ನ ತಮ್ಮ ಹೆಣ್ಣು ನೋಡಿ ಬಂದಾನ. ಬನದ ಹುಣ್ಣಿಮಿಗೆ ಮಾತು ಮುಗಸ್ತೀವಿ."

ಮಲ್ಲವ್ವ ಆಗ ಮೊದಲ ಸಲ ತಾನಾಗಿ ನನ್ನನ್ನು ಮಾತಾಡಿಸಿದಳು. "ಅಕ್ಕಾರ, ಖರೇ ಹೇಳ್ರಿ. ಬರೂ ವರ್ಷ ಬರಂಗಿಲ್ಲೇನು?"

ಪುಸ್ತಕದಲ್ಲಿ ಬರೆದದ್ದು ಬೇರೆ, ಒಬ್ಬಳ ಮುಖ ನೋಡಿ ಹೇಳುವುದು ಬೇರೆ. "ಬಾವಿ ನೀರು ಒಂದು ಹನಿನೂ ಬಾಯಿಗೆ ಹಾಕಿಲ್ಲಂದ್ರ ಬರಂಗಿಲ್ಲ" ಎಂದೆ.

"ಹಾಕಿಲ್ರಿ. ಬೋರಿಂಗ್ ಬಿದ್ದ ದಿನದಿಂದ ಹಾಕಿಲ್ಲ." ಆಮೇಲೆ ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತಿ, ಒಂದು ವರ್ಷ ಕೊಡ್ರಿ. ಬರೂ ಬಿತ್ತಿಗಿಗೆ ನಾ ಕೂರಿಗಿ ಹಿಂದ ಇಲ್ಲಂದ್ರ ನನ್ನ ಗಂಟು ನಾನೇ ಕಟ್ಟಿಕೊಂಡು ಹೋಗ್ತೇನಿ."

ಈರವ್ವ "ಹೂಂ" ಎಂದಳು, ಅಷ್ಟೇ.

ಆ ವರ್ಷ ನಾನು, ಖಾಜಾಬೀ ಆ ಊರಿಗೆ ಹೋದಷ್ಟು ನಮ್ಮ ತವರಿಗೂ ಹೋಗಲಿಲ್ಲ. ಮನೆಮನೆಗೆ ಕೂತು ಹೇಳಿದೆವು, ಇದು ಹೋದ ವರ್ಷದ ಹುಳ, ಹೊಸ ನೀರಿನದಲ್ಲ. ಒಬ್ಬಾಕೆ ತೊಗರಿ ಇಂದು ಬಿತ್ತಿ ನಾಳೆ ಕೊಯ್ಯಲು ಬರುತ್ತದೆಯೇ ಎಂದು ಪಕ್ಕದವಳಿಗೆ ನಮ್ಮ ಮಾತನ್ನೇ ಬಿಡಿಸಿ ಹೇಳಿದಾಗ ಖಾಜಾಬೀ, "ಅಕ್ಕಾ, ಈಗ ಇವ್ರು ನಮ್ಮನ್ನ ಮನಿಗೆ ಕಳಸ್ತಾರ, ಕೆಲಸ ಇವ್ರೇ ಮಾಡ್ತಾರ" ಎಂದು ನಕ್ಕಳು. ಬಾವಿಗೆ ತಿರುಗಿದವರು ಒಬ್ಬೊಬ್ಬರಾಗಿ ಬೇವಿನ ಮರದ ಕಡೆ ಬಂದರು. ಕಚೇರಿಯ ಕಡೆಯೂ ಬಿಡಲಿಲ್ಲ. ಕುಲಕರ್ಣಿ ಸರ್ ಹೊಸ ವರದಿಯಲ್ಲಿ ಕೋಷ್ಟಕಕ್ಕಿಂತ ಮೊದಲು ಎರಡು ಕೊಡದ ಸಂಗತಿ ಇಟ್ಟರು. ಸಾಹೇಬರು ಕೊನೆಗೆ ತಮ್ಮ ಕೈಕೆಳಗಿನವರಿಗೆ ಒಂದು ಸಾಲಿನ ಆದೇಶ ಕೊಟ್ಟರು: ಬೋರಿಂಗ್ ಜಾಗ ಗುರುತಿಸುವಾಗ ನೀರು ಹೊರುವ ಹೆಂಗಸರನ್ನು ಕೇಳಬೇಕು. ನನ್ನ ನೌಕರಿಯಲ್ಲಿ ಸರ್ಕಾರದ ಕಾಗದದ ಮೇಲೆ ನಾವು ಬರೆಸಿದ ಸಾಲುಗಳು ಬಹಳ ಇಲ್ಲ. ಅಫಜಲಪುರದ ಮಣ್ಣೂರಿನಿಂದ ಆಳಂದದ ನರೋಣಾದವರೆಗೆ ಆ ಸಾಲನ್ನು ಹಿಡಿದು ನಾವು ಜಗಳಾಡಿದೆವು, ಎಷ್ಟೋ ಕಡೆ ಗೆದ್ದೆವು, ಕೆಲವು ಕಡೆ ಬೋರಿಂಗ್ ಮತ್ತೆ ಗೌಡರ ಬಾಗಿಲಿಗೇ ಹೋಯಿತು.

ಮರುವರ್ಷ ಮಿರಗದ ಮಳೆ, ಬಿತ್ತಿಗೆಯ ಮೊದಲ ಮಳೆ, ಚೆನ್ನಾಗಿ ಬಿತ್ತು. ನಾನು ಒಬ್ಬಳೇ ಬಸ್ಸಿಳಿದೆ. ಈರವ್ವನ ಮನೆಯ ಬಾಗಿಲಿಗೆ ಚಿಲಕ. ತವರಿಗೇ ಕಳಿಸಿಬಿಟ್ಟರೇ ಎಂದು ಎದುರು ಮನೆಯ ಬಾಗಿಲು ತಟ್ಟಿದೆ. ಎದುರು ಮನೆಯಾಕೆ ಹೊಲದ ದಾರಿ ತೋರಿಸಿದಳು.

ಹೊಲದಲ್ಲಿ ಕೂರಿಗೆ ನಡೆದಿತ್ತು. ಮುಂದೆ ಈರವ್ವನ ಮಗ ಎತ್ತು ಹೊಡೆಯುತ್ತಿದ್ದ. ಹಿಂದೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಉಡಿಯಲ್ಲಿ ತೊಗರಿ ಕಟ್ಟಿಕೊಂಡು, ಮಲ್ಲವ್ವ ಬೀಜ ಬಿಡುತ್ತ ನಡೆದಿದ್ದಳು. ಕಪ್ಪು ಮಣ್ಣಿನಲ್ಲಿ ಅವಳ ಎರಡೂ ಪಾದ ಮೆತ್ತಿ ಹೋಗಿದ್ದವು, ನೋಡಲು ಏನೂ ಉಳಿದಿರಲಿಲ್ಲ. ನಾನು ಬದುವಿನ ಮೇಲೆ ನಿಂತು ಕೂಗಿದೆ. ಅವಳು ಕೈ ನಿಲ್ಲಿಸದೆ ಒಮ್ಮೆ ತಿರುಗಿ ನೋಡಿದಳು.

"ಈಗ ಬ್ಯಾಡ್ರಿ ಅಕ್ಕಾರ. ಮಣ್ಣಿನ ಹದ ಆರಾಕತ್ತದ. ಪುರುಸೊತ್ತಿಲ್ಲ, ಹೋಗಿ ಆಮ್ಯಾಲ ಬರ್ರಿ."

ಎಷ್ಟೋ ಕಚೇರಿಗಳಲ್ಲಿ, ಎಷ್ಟೋ ಮನೆಗಳ ಬಾಗಿಲಲ್ಲಿ ನನಗೆ ಹೋಗು ಎಂದಿದ್ದಾರೆ. ಸಂತೋಷದಿಂದ ಕಣ್ಣೀರು ಬಂದದ್ದು ಅದೊಂದು ಸಲ. ಕೂರಿಗೆ ಹೊಲದ ಆ ತುದಿಗೆ ಹೋಗಿ ತಿರುಗಿ ಬಂತು, ಮಲ್ಲವ್ವ ನನ್ನ ಮುಂದೆಯೇ ಹಾಯ್ದು ಹೋದಳು, ತಲೆ ಎತ್ತಲಿಲ್ಲ.